ಎಲ್‌ಇಡಿ ಬಲ್ಬ್ ಕೊಳ್ಳುವಾಗ ಸಿಆರ್‌ಐ ನೋಡಿ

ಬಲ್ಬ್ ಕೊಳ್ಳುವಾಗ ವ್ಯಾಟ್ ಮತ್ತು ಬೆಲೆ ಎರಡನ್ನೇ ನೋಡುತ್ತೇವೆ, ಅಲ್ವಾ? ಡಬ್ಬಿಯ ಮೇಲೆ ಸಿಆರ್‌ಐ ಎಷ್ಟಿದೆ ಅಂತಲೂ ನೋಡಿ. ಬಣ್ಣಗಳು ಎಷ್ಟು ಸರಿಯಾಗಿ ಕಾಣುತ್ತವೆ ಎಂದು ಹೇಳುವ ಸಂಖ್ಯೆ ಅದು, 100ಕ್ಕೆ ಇಂತಿಷ್ಟು ಅಂತ.

ಬಿಳಿ ಎಲ್‌ಇಡಿಯ ಚಿಪ್ ನಿಜವಾಗಿ ಕೊಡುವುದು ನೀಲಿ ಬೆಳಕು, ತರಂಗಾಂತರ ಸುಮಾರು 450 ನ್ಯಾನೋಮೀಟರ್. ಅದರ ಮೇಲೆ ಫಾಸ್ಫರ್ ಪುಡಿಯ ಲೇಪ ಇರುತ್ತದೆ. ಹೆಚ್ಚಾಗಿ ಅದು ಸೀರಿಯಂ ಬೆರೆಸಿದ ಯಿಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್. ನೀಲಿಯ ಒಂದು ಪಾಲನ್ನು ಈ ಲೇಪ ಹಳದಿ ಮಾಡುತ್ತದೆ. ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಆದರೆ ಇದರಲ್ಲಿ ಕೆಂಪು ಕಡಿಮೆ. ಅದಕ್ಕೇ ಅಗ್ಗದ ಬಲ್ಬ್ ಕೆಳಗೆ ಟೊಮೆಟೊ, ಕೆಂಪು ಸೀರೆ ಎಲ್ಲ ಮಂಕಾಗಿ ಕಾಣುತ್ತವೆ. ಕೆಂಪು ಫಾಸ್ಫರ್ ಕೂಡ ಬೆರೆಸಿದ ಬಲ್ಬ್‌ಗಳಲ್ಲಿ ಸಿಆರ್‌ಐ 90 ದಾಟಬಹುದು. ಅಷ್ಟೇ ವ್ಯಾಟ್‌ಗೆ ಬೆಳಕು ಸ್ವಲ್ಪ ಕಮ್ಮಿ ಬರುತ್ತದೆ, ನಿಜ.

ಅಡುಗೆಮನೆ, ಹೊಲಿಗೆ ಯಂತ್ರ, ಕನ್ನಡಿ ಇರುವ ಕಡೆ 90 ಇರಲಿ. ಮೆಟ್ಟಿಲು, ವರಾಂಡಕ್ಕೆ 80 ಸಾಕು, ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಅಲ್ಲಿ ಲ್ಯೂಮೆನ್, ಅಂದರೆ ಬಲ್ಬ್ ಕೊಡುವ ಬೆಳಕಿನ ಅಳತೆ, ಅದನ್ನು ವ್ಯಾಟ್‌ನಿಂದ ಭಾಗಿಸಿ ನೋಡಿ. 9 ವ್ಯಾಟ್‌ಗೆ 900 ಲ್ಯೂಮೆನ್ ಇದ್ದರೆ ಒಳ್ಳೆಯದು. ಗಾಳಿಯಾಡದ ಗಾಜಿನ ಗೋಳದೊಳಗೆ ಮಾತ್ರ ಸಾಧಾರಣ ಎಲ್‌ಇಡಿ ಬಲ್ಬ್ ಹಾಕಬೇಡಿ, ಬಿಸಿಯಿಂದ ಬೇಗ ಹಾಳಾಗುತ್ತದೆ.