ಮಗು ಓದಲು ಎಡವುತ್ತಿದೆಯಾ? ಎಡವಿದ ಅಕ್ಷರಕ್ಕೇ ವಾಪಸ್ ಹೋಗಿ

ನಾಲ್ಕನೇ ಕ್ಲಾಸಿನ ಹುಡುಗ. ಕಾಗುಣಿತ ಹೇಳು ಅಂದರೆ ‘ಕಕ್ಕೆ ತಲಕಟ್ಟು ಕ, ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ’ ಅಂತ ಉಸಿರು ಬಿಡದೆ ಹೇಳುತ್ತಿದ್ದ. ನಡುವೆ ‘ಕೆ’ ಮೇಲೆ ಬೆರಳಿಟ್ಟು ‘ಇದೇನಪ್ಪಾ?’ ಅಂದರೆ ಬಾಯಿ ಬಂದ್. ತುಟಿ ಅಲ್ಲಾಡುತ್ತಿತ್ತು. ಒಳಗೊಳಗೇ ಮೊದಲಿನಿಂದ ಹಾಡಿಕೊಂಡು ಬಂದು, ಆ ಜಾಗ ತಲುಪಿದ ಮೇಲೆ ‘ಕೆ’ ಅನ್ನುತ್ತಿದ್ದ. ಅವನು ಓದುತ್ತಿರಲಿಲ್ಲ, ಎಣಿಸುತ್ತಿದ್ದ.

ಇದು ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಮಾಡಿದ್ದೇನೆ. ಇಂಥ ಮಕ್ಕಳು ಪ್ರತಿ ವರ್ಷ ಒಬ್ಬಿಬ್ಬರು ಇರುತ್ತಿದ್ದರು. ನಾನು ಮಾಡುತ್ತಿದ್ದುದು ಎರಡೇ: ‘ಹತ್ತು ಸಲ ಬರಿ’ ಅನ್ನುವುದು, ಇಲ್ಲ ಎಲ್ಲರ ಮುಂದೆ ನಿಲ್ಲಿಸಿ ಓದಿಸುವುದು. ಎರಡೂ ತಪ್ಪು. ತಪ್ಪಾಗಿ ಓದುವುದನ್ನೇ ಹತ್ತು ಸಲ ಬರೆದರೆ ತಪ್ಪೇ ಗಟ್ಟಿಯಾಗುತ್ತದೆ, ಅಲ್ವಾ? ಈಗ ನಿವೃತ್ತಿಯಾಗಿ ತಿಪಟೂರಿನ ಮನೆಯಲ್ಲಿ ಸಂಜೆ ನಾಲ್ಕು ಮಕ್ಕಳಿಗೆ, ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ಹೇಳಿಕೊಡುತ್ತೇನೆ. ನಾನು ಹೇಗೆ ಮಾಡುತ್ತೇನೆ ಅಂತ ತಂದೆತಾಯಿ ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕಣ್ಣು, ಕಿವಿ

ಪಾಠಕ್ಕೆ ಮೊದಲು ಇವೆರಡನ್ನೂ ಡಾಕ್ಟರಿಗೆ ತೋರಿಸಿ. ಒಬ್ಬಳು ಹುಡುಗಿ ನನ್ನ ಹತ್ತಿರ ಬಂದು ಮೂರು ವಾರ ಆಗಿತ್ತು. ಬಳಪದಲ್ಲಿ ದೊಡ್ಡದಾಗಿ ಬರೆದರೆ ಓದುತ್ತಾಳೆ, ಪುಸ್ತಕ ಕೊಟ್ಟರೆ ಇಲ್ಲ. ಕನ್ನಡಕ ಬಂತು, ಸಮಸ್ಯೆ ಹೋಯಿತು. ಆ ಮೂರು ವಾರದ ನನ್ನ ಸರ್ಕಸ್ಸು ದಂಡ. ಪದೇ ಪದೇ ಶೀತವಾಗಿ ಕಿವಿ ಸೋರುವ ಮಕ್ಕಳಿಗೆ ‘ತ’ಗೂ ‘ದ’ಗೂ ವ್ಯತ್ಯಾಸ ಸರಿಯಾಗಿ ಕೇಳಿಸದೇ ಇರಬಹುದು.

ಇನ್ನೊಂದು ಕೇಳಬೇಕಾದ್ದು: ಮಗುವಿಗೆ ಕಲಿಸಿದ್ದಾರಾ? ಕೋವಿಡ್ ಸಮಯದಲ್ಲಿ, 2020ರ ಮಾರ್ಚ್‌ನಿಂದ 2021ರ ಅಕ್ಟೋಬರ್‌ವರೆಗೆ, ನಮ್ಮಲ್ಲಿ ಚಿಕ್ಕ ಮಕ್ಕಳ ತರಗತಿಗಳು ಸರಿಯಾಗಿ ನಡೆಯಲೇ ಇಲ್ಲ. ಒಂದು, ಎರಡನೇ ಕ್ಲಾಸು ಹಾಗೇ ದಾಟಿ ಬಂದ ಮಕ್ಕಳಿಗೆ ಓದು ಬರದಿದ್ದರೆ ಅದು ಕಲಿಕೆಯ ತೊಂದರೆ ಅಲ್ಲ, ಕಲಿಸದ ತೊಂದರೆ. ಅಂಥವರು ಸರಿಯಾಗಿ ಹೇಳಿಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಓಡುತ್ತಾರೆ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವುದರಲ್ಲೇ ತೊಂದರೆ, ಇರುವ ಮಗು ಹಾಗೆ ಓಡುವುದಿಲ್ಲ. ಅದಕ್ಕೆ ಬುದ್ಧಿ ಇರುತ್ತದೆ, ಮಾತು ಚುರುಕಾಗಿರುತ್ತದೆ. ಶಬ್ದಕ್ಕೂ ಅಕ್ಷರಕ್ಕೂ ಗಂಟು ಹಾಕುವುದು ಮಾತ್ರ ಕಷ್ಟ. ಇವತ್ತು ಬಂದದ್ದು ನಾಳೆ ಇರುವುದಿಲ್ಲ. ಇದು ಮನೆತನದಲ್ಲಿ ಹರಿದು ಬರುವುದೂ ಉಂಟು. ‘ನಿಮಗೂ ಹೀಗೇ ಇತ್ತಾ?’ ಅಂತ ಕೇಳಿದಾಗ ನೆಲ ನೋಡಿಕೊಂಡು ‘ಹೂಂ ಮೇಡಂ’ ಅಂದ ಅಪ್ಪಂದಿರನ್ನು ನೋಡಿದ್ದೇನೆ.

ಮೊದಲ ದಿನ ಪುಸ್ತಕ ಬೇಡ

ಇಪ್ಪತ್ತು ನಿಮಿಷ ಸಾಕು. ಮಗುವಿನ ಓದು ಎಲ್ಲಿ ನಿಂತಿದೆ ಅನ್ನುವುದನ್ನು ಹುಡುಕುವುದಷ್ಟೇ ಕೆಲಸ.

ಕಿವಿಯಿಂದ ಶುರು ಮಾಡಿ. ‘ಗರಗಸ’ಕ್ಕೆ ಎಷ್ಟು ಚಪ್ಪಾಳೆ? ‘ಸಾಗರ’ದಲ್ಲಿ ‘ಸಾ’ ತೆಗೆದರೆ ಏನು ಉಳಿಯುತ್ತದೆ? ನಾನು ಒಮ್ಮೆ ಯೋಚಿಸದೆ ‘ಕಮಲದಲ್ಲಿ ಕ ತೆಗೆದರೆ?’ ಅಂದುಬಿಟ್ಟೆ. ಹುಡುಗ ಬಿದ್ದು ಬಿದ್ದು ನಕ್ಕ. ಈಗ ಬೇಕಂತಲೇ ಕೇಳುತ್ತೇನೆ, ಹೆದರಿ ಬಂದ ಮಗು ಅಲ್ಲೇ ಸಡಿಲವಾಗುತ್ತದೆ. ಈ ಆಟದಲ್ಲೇ ತಡವರಿಸಿದರೆ ಅಕ್ಷರಕ್ಕೆ ಹೋಗುವ ಮೊದಲು ಎರಡು ವಾರ ಬರೀ ಬಾಯಿ ಆಟ ಆಡಿಸಿ.

ಆಮೇಲೆ ಚೀಟಿಗಳಲ್ಲಿ ಅಕ್ಷರ ಬರೆದು, ಕಲೆಸಿ, ಒಂದೊಂದೇ ತೋರಿಸಿ. ವರ್ಣಮಾಲೆಯ ಕ್ರಮದಲ್ಲಿ ಕೇಳಲೇಬೇಡಿ. ನಮ್ಮ 49 ಅಕ್ಷರ ಹಾಡಿನ ಹಾಗೆ ಬರುತ್ತವೆ, ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಆಮೇಲೆ ಗುಣಿತ ಇಲ್ಲದ ಪದ, ಗುಣಿತದ ಪದ, ಒತ್ತಿನ ಪದ, ಕೊನೆಗೆ ಎರಡು ಸಾಲು. ನಡುನಡುವೆ ‘ಗಸರ’, ‘ದಗಸ’ ಅಂತ ಅರ್ಥವಿಲ್ಲದ ಪದ ಸೇರಿಸಿ. ಚಿತ್ರ ನೋಡಿ, ಮೊದಲ ಅಕ್ಷರ ನೋಡಿ ಊಹೆ ಮಾಡುವ ಜಾಣರು ಇಲ್ಲಿ ಸಿಕ್ಕಿಬೀಳುತ್ತಾರೆ.

ಎಡವಿದ್ದನ್ನೆಲ್ಲ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ‘ಓದಲ್ಲ’ ಅಂತ ಅಲ್ಲ. ‘ಪ-ಷ ಅದಲುಬದಲು, ಮ-ವ ಅದಲುಬದಲು, ಏತ್ವ ಗೊತ್ತಿಲ್ಲ, ಒತ್ತು ನುಂಗುತ್ತಾನೆ’ ಅಂತ. ಅದೇ ನಿಮ್ಮ ಸಿಲಬಸ್.

ಒಂದು ಎಚ್ಚರಿಕೆ. ಭ ಬದಲು ಬ, ಧ ಬದಲು ದ, ‘ಹಾಲು’ ಬದಲು ‘ಆಲು’ ಬರೆದ ಕೂಡಲೇ ಡಿಸ್ಲೆಕ್ಸಿಯಾ ಅನ್ನಬೇಡಿ. ನಮ್ಮ ಕಡೆ ಹಳ್ಳಿಗಳಲ್ಲಿ ಮಹಾಪ್ರಾಣವನ್ನು, ಹಕಾರವನ್ನು ಒತ್ತಿ ಹೇಳುವವರು ಎಷ್ಟು ಜನ? ಮಗು ಮನೆಯಲ್ಲಿ ಕೇಳಿದ್ದನ್ನು ಬರೆದಿದೆ. ಅಷ್ಟೇ. ನಾನು ಅದನ್ನು ತಿದ್ದುವುದು ಕೊನೆಯಲ್ಲಿ.

ಅಕ್ಷರ: ಹರಿವಾಣದ ಮೇಲೆ ರಾಗಿ ಹಿಟ್ಟು

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಆಮೇಲೆ ನಮ್ಮ ಶಾಲೆಗೂ ಬಂತು. ಅದರಲ್ಲಿ ಅ, ಆ, ಇ, ಈ ಅಂತ ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಬಂದುಬಿಡುತ್ತವೆ. ಎರಡು ವರ್ಷ ಒಂದು ಪದವೂ ಓದದ ಮಗು ಒಂದು ವಾರದಲ್ಲಿ ‘ಗರಗಸ’ ಅಂತ ನಾಲ್ಕಕ್ಷರದ ಪದ ಓದಿದಾಗ ಅದರ ಮುಖ ನೋಡಬೇಕು. ಈ ಕ್ರಮವನ್ನು ನಾನು ಈಗಲೂ ಬಿಟ್ಟಿಲ್ಲ. ಒಂದೇ ಬದಲಾವಣೆ: ಎರಡನೇ ಗುಂಪಿನಲ್ಲಿ ಜ, ವ, ಮ, ಬ, ನ ಒಟ್ಟಿಗೆ ಬರುತ್ತವೆ. ಇಂಥ ಮಕ್ಕಳಿಗೆ ವ ಮತ್ತು ಮ ಒಂದೇ ವಾರ ಕೊಟ್ಟರೆ ಎರಡೂ ಹೋಗುತ್ತವೆ. ವ ಗಟ್ಟಿಯಾಗಿ ಎರಡು ವಾರ ಆದಮೇಲೆ ಮ. ಪ ಮತ್ತು ಷ ಕೂಡ ಹಾಗೇ.

ಸ್ಟೀಲ್ ಹರಿವಾಣದಲ್ಲಿ ತೆಳುವಾಗಿ ರಾಗಿ ಹಿಟ್ಟು ಹರಡಿ. ಬೆರಳಲ್ಲಿ ಬರೆದರೆ ಕೆಳಗಿನ ಸ್ಟೀಲು ಫಳಫಳ ಅಂತ ಕಾಣುತ್ತದೆ. ಅಕ್ಕಿ ಹಿಟ್ಟಿನಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಎರಡನ್ನೂ ಮಾಡಿ ನೋಡಿದ್ದೇನೆ. ಬರೆಯುವಾಗ ಬಾಯಲ್ಲಿ ಶಬ್ದ ಹೇಳಲೇಬೇಕು. ‘ರ’ ಅನ್ನುತ್ತಾ ರ ಬರೆಯಬೇಕು. ಕಣ್ಣು, ಕಿವಿ, ಬಾಯಿ, ಬೆರಳು ನಾಲ್ಕೂ ಒಂದೇ ಹೊತ್ತಿಗೆ ಕೆಲಸ ಮಾಡಬೇಕು, ಗುಟ್ಟು ಅಲ್ಲಿದೆ. ಸುಮ್ನೆ ತಿದ್ದಿಸಿದರೆ ಅದು ರಂಗೋಲಿ. ಚೆನ್ನಾಗಿ ಬಂದಮೇಲೆ ಕಣ್ಣು ಮುಚ್ಚಿಸಿ ಬರೆಸಿ. ಆಮೇಲೆ ಅಂಗಳದಲ್ಲಿ ಸೀಮೆಸುಣ್ಣದಿಂದ ಆಳೆತ್ತರದ ಅಕ್ಷರ ಬರೆದು ಅದರ ಮೇಲೆ ನಡೆಸಿ.

ದಿನಕ್ಕೆ ಹೊಸದು ಒಂದೇ. ಹಳೆಯದು ಹತ್ತು.

ಕಾಗುಣಿತ ಅಡ್ಡಡ್ಡ ಓದಿಸಿ

ನಾವೆಲ್ಲ ಕಲಿತದ್ದು ಒಂದು ಅಕ್ಷರಕ್ಕೆ ಎಲ್ಲ ಗುಣಿತ: ಕ, ಕಾ, ಕಿ, ಕೀ. ನಮ್ಮ ನಾಲ್ಕನೇ ಕ್ಲಾಸಿನ ಹುಡುಗ ಸಿಕ್ಕಿಕೊಂಡದ್ದು ಇದೇ ಹಾಡಿನಲ್ಲಿ. ಅದಕ್ಕೆ ಉಲ್ಟಾ ಮಾಡಿ. ಒಂದು ಗುಣಿತ, ಹಲವು ಅಕ್ಷರ: ಕಾ, ಗಾ, ಸಾ, ರಾ, ದಾ. ಒಂದು ವಾರ ಪೂರ್ತಿ ಇಳಿ ಮಾತ್ರ. ಗಾಳ, ದಾರ, ಸಾರ, ರಾಗ. ಆಗ ಮಗುವಿನ ಕಣ್ಣು ಅಕ್ಷರದ ಮೈಯನ್ನು ಬಿಟ್ಟು ಅದಕ್ಕೆ ಅಂಟಿದ ಗುರುತನ್ನು ನೋಡಲು ಕಲಿಯುತ್ತದೆ. ಗುಣಿತದ ಗುರುತನ್ನು ಕೆಂಪು ಪೆನ್ನಿನಲ್ಲಿ ಬರೆದರೆ ಇನ್ನೂ ಒಳ್ಳೆಯದು. ಇಳಿ ಆದಮೇಲೆ ಗುಡಿಸು, ಆಮೇಲೆ ಕೊಂಬು. ಎತ್ವ ಮತ್ತು ಏತ್ವದ ನಡುವೆ ಹತ್ತು ದಿನ ಅಂತರ ಇರಲಿ. ಆ ಹುಡುಗನಿಗೆ ಕಾಗುಣಿತಕ್ಕೇ ನಾಲ್ಕು ತಿಂಗಳು ಹಿಡಿಯಿತು. ಮನೆಯವರು ‘ಇನ್ನೂ ಕಾಗುಣಿತಾನಾ?’ ಅಂತ ಎರಡು ಸಲ ಕೇಳಿದರು. ಹೌದು, ಇನ್ನೂ ಕಾಗುಣಿತವೇ.

ಒತ್ತಕ್ಷರ, ಅಂದರೆ ನಿಜವಾದ ಬೆಟ್ಟ

ಮಕ್ಕಳು ಮೊದಲು ಬರೆಯಲು ಆಸೆಪಡುವ ಪದ ‘ಅಮ್ಮ’. ಆದರೆ ಅದು ಸುಲಭದ ಪದ ಅಲ್ಲ. ಹೆಚ್ಚಿನ ಅಕ್ಷರಗಳ ಒತ್ತು ಆ ಅಕ್ಷರದ ಹಾಗೇ ಕಾಣುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಬೇರೆಯೇ ಆಕಾರ. ಅಮ್ಮ, ಅನ್ನ, ಬೆಲ್ಲ, ಅಯ್ಯ, ಹತ್ತು... ದಿನಬಳಕೆಯ ಪದಗಳೆಲ್ಲ ಇಲ್ಲೇ ಇವೆ ನೋಡಿ. ಹಾಗಾಗಿ ಅಜ್ಜ, ಹಬ್ಬ, ಕಪ್ಪು, ಹಗ್ಗ ಇಂಥವುಗಳಿಂದ ಶುರು ಮಾಡಿ. ‘ಅಜ್’ ಅಂದಾಗ ನಾಲಿಗೆ ಒಂದು ಕ್ಷಣ ನಿಲ್ಲುವುದನ್ನು ಗಮನಿಸಲು ಹೇಳಿ. ನಾನು ಮೆಟ್ಟಿಲ ಮೇಲೆ ಹಾರಿಸುತ್ತೇನೆ: ‘ಅಜ್’ ಅಂತ ಒಂದು ಮೆಟ್ಟಿಲಲ್ಲಿ ನಿಲ್ಲು, ‘ಜ’ ಅಂತ ಮುಂದಿನದಕ್ಕೆ ಹಾರು. ಆಕಾರ ಬದಲಾಗುವ ಆರು ಒತ್ತುಗಳನ್ನು ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಹಾಕಿ. ಅದನ್ನು ನೋಡಿ ಬರೆದರೆ ಕಾಪಿ ಅಲ್ಲ.

ಅಕ್ಷರ, ಪುಸ್ತಕ ಅನ್ನುವಂಥ ಬೇರೆ ಬೇರೆ ಒತ್ತಿನ ಪದಗಳು ಆಮೇಲೆ. ಎಲ್ಲಕ್ಕಿಂತ ಕೊನೆಗೆ ಅರ್ಕಾವತ್ತು. ಅದನ್ನು ಬರೆಯುವುದು ಅಕ್ಷರದ ಆಮೇಲೆ, ಓದುವುದು ಅಕ್ಷರಕ್ಕೆ ಮೊದಲು. ‘ಸೂರ್ಯ’ವನ್ನು ‘ಸೂಯರ’ ಅಂತ ಓದಿದ ಮಗುವಿಗೆ ಬೈಯಬೇಡಿ. ಅದು ಕಂಡ ಹಾಗೇ ಓದಿದೆ. ತಿದ್ದಬೇಕಾದರೆ ನಮ್ಮ ಲಿಪಿಯನ್ನು ತಿದ್ದಬೇಕು!

ಎಷ್ಟು ಹೊತ್ತು, ಹೇಗೆ

35 ನಿಮಿಷ. ವಾರಕ್ಕೆ ಐದು ದಿನ. ಭಾನುವಾರ ಎರಡು ಗಂಟೆ ಕೂರಿಸಿ ಸರಿ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಶಾಲೆಯಿಂದ ಬಂದ ಕೂಡಲೇ ಬೇಡ. ಹೊಟ್ಟೆಗೆ ಏನಾದರೂ ಬೀಳಲಿ, ಸ್ವಲ್ಪ ಆಡಲಿ.

ಕೊನೆಯ ಹತ್ತು ನಿಮಿಷ ಜೊತೆ ಓದು. ನಾನು ಬೆರಳಿಟ್ಟು ಓದುತ್ತೇನೆ, ಮಗು ನನ್ನ ದನಿಯ ಜೊತೆಗೇ ಓದುತ್ತದೆ. ಅದಕ್ಕೆ ಧೈರ್ಯ ಬಂದಾಗ ನನ್ನ ಕೈ ತಟ್ಟುತ್ತದೆ, ನಾನು ಸುಮ್ಮನಾಗುತ್ತೇನೆ. ಎಡವಿದರೆ ಮೂರು ಎಣಿಸುವಷ್ಟು ಹೊತ್ತು ಕಾದು, ಪದ ಹೇಳಿಕೊಟ್ಟು ಮುಂದೆ ಹೋಗುತ್ತೇನೆ. ಸಾಲು ತಪ್ಪುವ ಮಕ್ಕಳಿಗೆ ಹಳೆಯ ಲಗ್ನಪತ್ರಿಕೆ ಬಲು ಉಪಯೋಗ. ದಪ್ಪ ರಟ್ಟು, ಒಂದು ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ ಪುಟದ ಮೇಲೆ ಜರುಗಿಸುತ್ತಾ ಹೋದರಾಯಿತು. ಮನೆಯಲ್ಲಿ ಎಷ್ಟೊಂದು ಬಿದ್ದಿರುತ್ತವೆ.

ಇದರ ಜೊತೆಗೆ, ರಾತ್ರಿ ನೀವು ಕಥೆ ಓದಿ ಹೇಳಿ. ಅದು ಮಗುವಿನ ಓದಿನ ಮಟ್ಟದ್ದಾಗಬೇಕಿಲ್ಲ, ವಯಸ್ಸಿನ ಮಟ್ಟದ್ದಾಗಿರಲಿ. ಒಂಬತ್ತು ವರ್ಷದ ಹುಡುಗನಿಗೆ ‘ಅಗಸ ಬಸವ’ ಓದಿಸಿಯೇ ಇಟ್ಟರೆ ಅವನ ತಲೆಗೆ ಮೇವು ಎಲ್ಲಿಂದ ಬರಬೇಕು?

ಇಂಗ್ಲಿಷ್ ಮೀಡಿಯಂ ಮಕ್ಕಳೂ ಬರುತ್ತಾರೆ. ಮನೆಮಾತು ಕನ್ನಡವಾದರೆ ನಾನು ಕನ್ನಡದಿಂದಲೇ ಶುರು ಮಾಡುತ್ತೇನೆ. ಕನ್ನಡದಲ್ಲಿ ಬರೆದದ್ದಕ್ಕೂ ಓದುವುದಕ್ಕೂ ಮೋಸ ಕಡಿಮೆ. ಓದುವುದು ಅಂದರೆ ಏನು ಅಂತ ಒಂದು ಭಾಷೆಯಲ್ಲಿ ಗೊತ್ತಾದರೆ ಇನ್ನೊಂದಕ್ಕೆ ದಾರಿ ಸಿಗುತ್ತದೆ.

ಬೇರೆಯವರ ಹತ್ತಿರ ಕಳಿಸುವುದಾದರೆ

ಒಂದೇ ಪ್ರಶ್ನೆ ಕೇಳಿ: ‘ಮೊದಲ ವಾರ ಏನು ಮಾಡ್ತೀರಿ?’ ‘ಹೋಮ್‌ವರ್ಕ್ ಮುಗಿಸಿಸ್ತೀವಿ’ ಅಂದರೆ ಅದು ಮಾಮೂಲಿ ಟ್ಯೂಷನ್. ‘ಎಲ್ಲಿ ನಿಂತಿದೆ ನೋಡ್ತೀವಿ’ ಅಂದರೆ ಕೂತು ಮಾತಾಡಿ. ಹದಿನೈದು ಮಕ್ಕಳ ನಡುವೆ ಕೂರಿಸಿದರೆ ಪ್ರಯೋಜನ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಅನ್ನುವವರಿಗೆ, ಜ್ಞಾಪಕಶಕ್ತಿಯ ಟಾನಿಕ್ ಮಾರುವವರಿಗೆ ದುಡ್ಡು ಸುರಿದು ಆಮೇಲೆ ನನ್ನ ಹತ್ತಿರ ಬಂದವರಿದ್ದಾರೆ. ಆ ದುಡ್ಡಿಗೆ ಕಥೆ ಪುಸ್ತಕ ತಂದಿದ್ದರೆ ಕಪಾಟು ತುಂಬುತ್ತಿತ್ತು.

ಆರು ತಿಂಗಳು ಹೀಗೆ ಮಾಡಿದ ಮೇಲೂ ನೋಟ್‌ಬುಕ್ಕಿನ ಪಟ್ಟಿ ಕರಗದಿದ್ದರೆ, ಮಗುವಿಗೆ ಎಂಟು ವರ್ಷ ದಾಟಿದ್ದರೆ, ಡಿಸ್ಲೆಕ್ಸಿಯಾ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ. ಹೋಗುವಾಗ ಆ ನೋಟ್‌ಬುಕ್ ಮತ್ತು ಮಗುವಿನ ಶಾಲೆಯ ಕಾಪಿಗಳನ್ನು ತೆಗೆದುಕೊಂಡು ಹೋಗಿ. ಅದರಿಂದ ಅವರ ಕೆಲಸ ಅರ್ಧ ಹಗುರವಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರಂಥ ಸೌಲಭ್ಯ ಕೇಳಬಹುದು. ಎಂಟನೇ ಕ್ಲಾಸಿನಲ್ಲೇ ಹೆಡ್‌ಮಾಸ್ಟರ ಹತ್ತಿರ ಮಾತಾಡಿ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಕಾಗದಪತ್ರ ಆಗುವುದಿಲ್ಲ. ‘ಸರ್ಟಿಫಿಕೇಟ್ ತಗೊಂಡ್ರೆ ನಾಳೆ ಮದುವೆಗೆ ಕಷ್ಟ’ ಅಂತ ಹಿಂಜರಿದವರನ್ನು ಕಂಡಿದ್ದೇನೆ. ಹತ್ತನೇ ಕ್ಲಾಸು ಫೇಲಾದರೆ ಸುಲಭವಾ?

ಆ ಹುಡುಗ ಈಗ ಏಳನೇ ಕ್ಲಾಸು. ನಿಧಾನವಾಗಿಯೇ ಓದುತ್ತಾನೆ, ಒಂದೊಂದು ಸಲ ಒತ್ತು ಬಿಡುತ್ತಾನೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಕನ್ನಡಕ ಇರಲಿಲ್ಲ. ಬಸ್ಸಿನ ಬೋರ್ಡು ಓದಿ ‘ಮೇಡಂ, ಇದು ಅರಸೀಕೆರೆ, ನಿಮ್ಮದಲ್ಲ’ ಅಂದ.

ಒಂದು ಮರೆತಿದ್ದೆ. ಹರಿವಾಣದ ಹಿಟ್ಟನ್ನು ವಾರಕ್ಕೊಮ್ಮೆ ಬದಲಾಯಿಸಿ, ಇಲ್ಲದಿದ್ದರೆ ಹುಳ ಬೀಳುತ್ತದೆ. ‘ತಿನ್ನೋ ಹಿಟ್ಟಲ್ಲಿ ಆಟ ಆಡಿಸ್ತೀಯಲ್ಲೇ’ ಅಂತ ನಮ್ಮತ್ತೆ ಮೊದಲು ಬೈಯುತ್ತಿದ್ದರು. ಈಗ ಶನಿವಾರ ಸಂಜೆ ಅವರೇ ಆ ಹಿಟ್ಟನ್ನು ನೀರಿಗೆ ಕಲಸಿ ಹಸುವಿಗೆ ಇಡುತ್ತಾರೆ.