ಕಾಕಂಬಿ ಹಾಕಿದರೆ ಹಾಲಿಗೆ ಏನಾಗುತ್ತದೆ: ಮಲೆನಾಡಿನ ಕೊಟ್ಟಿಗೆಯಿಂದ ನನ್ನ ಅನುಭವ

ಕಾಕಂಬಿ, ಅಂದರೆ ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ನೇರವಾಗಿ ಹಾಲಾಗುತ್ತದೆ ಎಂದು ನಂಬಿ ಡ್ರಮ್ ತಂದವರು ಒಂದೇ ತಿಂಗಳಲ್ಲಿ ಬೇಸರಪಡುತ್ತಾರೆ. ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಶೇ. 4 ಜಿಡ್ಡಿನ ಒಂದು ಲೀಟರ್ ಹಾಲಿಗೆ ಹಸುವಿಗೆ ಸುಮಾರು 320 ಗ್ರಾಂ ಟಿಡಿಎನ್, ಅಂದರೆ ಜೀರ್ಣವಾಗಿ ಮೈಗೆ ಹತ್ತುವ ಪೋಷಕಾಂಶ ಬೇಕು. ಅರ್ಧ ಕೆಜಿ ಕಾಕಂಬಿಯಲ್ಲಿ ಇರುವುದು 270 ಗ್ರಾಂ ಮಾತ್ರ. ಒಂದು ಲೀಟರಿಗೂ ಅದು ಸಾಲದು. ಇನ್ನು ಪ್ರೋಟೀನ್: ಒಂದು ಲೀಟರ್ ಹಾಲು 85ರಿಂದ 90 ಗ್ರಾಂ ಕೇಳುತ್ತದೆ, ಅರ್ಧ ಕೆಜಿ ಕಾಕಂಬಿ ಕೊಡುವುದು 20 ಗ್ರಾಂ ಆಸುಪಾಸು. ಅದೂ ಒಳ್ಳೆಯ ದರ್ಜೆಯದಲ್ಲ.

ಆದರೂ ನಾನು ವರ್ಷದಲ್ಲಿ ಏಳೆಂಟು ತಿಂಗಳು ಕಾಕಂಬಿ ಬಳಸುತ್ತೇನೆ. ಗೋದಲಿಯಲ್ಲಿ ಬಿಟ್ಟೇ ಹೋಗುತ್ತಿದ್ದ ಒಣಹುಲ್ಲನ್ನು ಅದು ಹಸುವಿನ ಹೊಟ್ಟೆಗೆ ಇಳಿಸುತ್ತದೆ. ಇಳಿದ ಹುಲ್ಲನ್ನು ಕರಗಿಸುವ ಸೂಕ್ಷ್ಮಾಣುಗಳಿಗೆ ಬೇಗ ಸಿಗುವ ಸಕ್ಕರೆಯೂ ಆಗುತ್ತದೆ. ಹಾಲಿನಲ್ಲಿ ಕಾಣುವ ಲಾಭ ಬಹುಪಾಲು ಈ ದಾರಿಯಿಂದಲೇ ಬರುವುದು. ಆದ್ದರಿಂದ ಮೊದಲು ಅಳೆಯಬೇಕಾದ್ದು ಗೋದಲಿಯ ಉಳಿಕೆ, ಹಾಲಿನ ಲೆಕ್ಕ ಆಮೇಲೆ. ಕಾಕಂಬಿ ಶುರು ಮಾಡುವ ಮುಂಚೆ ಮೂರು ದಿನ ಹಾಕಿದ ಹುಲ್ಲು, ಬಿಟ್ಟ ಹುಲ್ಲು ಎರಡನ್ನೂ ತೂಕ ಮಾಡಿ ಬರೆದಿಡಿ. ಉಳಿಕೆ ಮೊದಲೇ ಇಲ್ಲದಿದ್ದರೆ, ಅಂದರೆ ಹಸು ಹಾಕಿದ್ದನ್ನೆಲ್ಲ ತಿಂದು ಮುಗಿಸುತ್ತಿದ್ದರೆ, ಕಾಕಂಬಿಗೆ ಸುರಿಯುವ ಹಣವನ್ನು ಹುಲ್ಲಿಗೋ ಹಿಂಡಿಗೋ ಹಾಕುವುದೇ ಲೇಸು.

ಪ್ರಮಾಣ. ಸುಮಾರು 400 ಕೆಜಿ ತೂಕದ, ದಿನಕ್ಕೆ ಹತ್ತು ಲೀಟರ್ ಆಸುಪಾಸು ಕರೆಯುವ ಜೆರ್ಸಿ ಅಥವಾ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವಿಗೆ ದಿನಕ್ಕೆ 500 ಗ್ರಾಂ, ಎರಡು ಸಲಕ್ಕೆ ಹಂಚಿ. ಒಂದು ಕೆಜಿ ದಾಟಿಸುವುದಿಲ್ಲ. ನಮ್ಮ ಸಣ್ಣ ಮೈಯ ನಾಟಿ ತಳಿ ಮಲೆನಾಡು ಗಿಡ್ಡಕ್ಕೆ ಅದರ ಮೈಗೆ ತಕ್ಕಂತೆ 100ರಿಂದ 150 ಗ್ರಾಂ ಸಾಕು. ಮೊದಲ ದಿನ 100 ಗ್ರಾಂ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ 100 ಗ್ರಾಂ ಏರಿಸುತ್ತ ಹೋಗಬೇಕು. ಹೊಟ್ಟೆಯ ಸೂಕ್ಷ್ಮಾಣುಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಒಂದೇ ದಿನ ಅರ್ಧ ಕೆಜಿ ಸುರಿದರೆ ಮಾರನೇ ದಿನವೇ ಸಗಣಿ ನೀರಾಗುತ್ತದೆ. ಆಗ ಕಾಕಂಬಿ ನಮ್ಮ ದನಕ್ಕೆ ಆಗಿಬರುವುದಿಲ್ಲ ಎಂಬ ತೀರ್ಮಾನವಾಗಿಬಿಡುತ್ತದೆ. ತಪ್ಪು ಇರುವುದು ಅವಸರದಲ್ಲಿ.

ಇನ್ನೊಂದು ತಪ್ಪು ಅಳತೆಯದು. ಕಾಕಂಬಿ ನೀರಿಗಿಂತ ಬಹಳ ಭಾರ, ಒಂದು ಲೀಟರ್ ಸುಮಾರು 1.4 ಕೆಜಿ ತೂಗುತ್ತದೆ. ಅರ್ಧ ಲೀಟರಿನ ಚೊಂಬಿನಲ್ಲಿ ಅಳೆದು ಅರ್ಧ ಕೆಜಿ ಎಂದುಕೊಂಡರೆ 700 ಗ್ರಾಂ ಹೋಗಿರುತ್ತದೆ. ಪಾತ್ರೆಯ ಬದಲು ತಕ್ಕಡಿ ನಂಬಿ.

ಕಲಸುವ ಕ್ರಮ ಹೀಗೆ. ಒಂದು ಹೊತ್ತಿಗೆ ಒಂದು ಹಸುವಿಗೆ ಮುಕ್ಕಾಲು ಲೀಟರ್ ಉಗುರುಬೆಚ್ಚಗಿನ ನೀರನ್ನು ಬಕೆಟ್ಟಿಗೆ ಹಾಕಿ, ಬಕೆಟ್ಟನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅದರೊಳಕ್ಕೆ 250 ಗ್ರಾಂ ಕಾಕಂಬಿ ಬಿಡುತ್ತೇನೆ. ನೀರು ಮೊದಲು, ಕಾಕಂಬಿ ಆಮೇಲೆ. ತಿರುಗಾಮುರುಗಾ ಮಾಡಿದರೆ ಕಾಕಂಬಿ ತಳಕ್ಕೆ ಅಂಟಿ ಕೂರುತ್ತದೆ, ಎಷ್ಟು ತಿರುವಿದರೂ ಏಳುವುದಿಲ್ಲ. ಚಳಿಗಾಲದ ಬೆಳಗ್ಗೆ ಡ್ರಮ್ಮಿನಲ್ಲಿ ಅದು ಅಂಟಿನಂತೆ ಗಟ್ಟಿಯಾಗಿರುತ್ತದೆ. ಹಾಗೆಂದು ಒಲೆಯ ಮೇಲಿಡಬಾರದು, ತಳ ಹಿಡಿದು ಕಹಿಯಾಗುತ್ತದೆ. ಹಿಂದಿನ ರಾತ್ರಿ ಬೇಕಾದಷ್ಟನ್ನು ಡಬ್ಬಿಗೆ ತೆಗೆದು ಬಚ್ಚಲೊಲೆಯ ಬಳಿ ಇಟ್ಟರೆ ಬೆಳಗ್ಗೆ ಸಲೀಸಾಗಿ ಇಳಿಯುತ್ತದೆ. ಕಲಸಿದ ನೀರನ್ನು ಗಿಡಕ್ಕೆ ನೀರು ಚಿಮುಕಿಸುವ ತೂತಿನ ಡಬ್ಬಿಯಿಂದ, ಒಂದೆರಡು ಇಂಚಿಗೆ ಕತ್ತರಿಸಿದ ಮೂರು ಕೆಜಿ ಹುಲ್ಲಿನ ಮೇಲೆ ಸಿಂಪಡಿಸಿ, ಮಗುಚಿ, ಕಾಲು ಗಂಟೆ ಬಿಡಬೇಕು. ಆಗ ಒಣ ಎಳೆಗಳೂ ತೇವ ಹೀರಿ ಮೆತ್ತಗಾಗುತ್ತವೆ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಅಂಟಂಟಾಗಬೇಕು.

ಅಕ್ಕಚ್ಚಿಗೆ (ಅಕ್ಕಿ ತೊಳೆದ ನೀರಿಗೆ) ಕಾಕಂಬಿ ಬೆರೆಸಿ ಕುಡಿಸುವ ರೂಢಿ ನಮ್ಮ ಕಡೆ ಬಹಳ. ನಾನು ಅದನ್ನು ಒಪ್ಪುವುದಿಲ್ಲ. ಸಿಹಿ ನೀರು ಕುಡಿದ ಹಸು ಹುಲ್ಲನ್ನು ಮೂಸಿ ಬಿಡುತ್ತದೆ. ಸಕ್ಕರೆ ಬರಿಹೊಟ್ಟೆಯಲ್ಲಿ ಒಮ್ಮೆಗೇ ಹುಳಿಯಾಗುತ್ತದೆ, ನಾರು ಇಲ್ಲದ್ದರಿಂದ ಮೆಲುಕು ಕಡಿಮೆ, ಮೆಲುಕಿನ ಜೊಲ್ಲು ಇಲ್ಲದ್ದರಿಂದ ಹುಳಿ ಶಮನವಾಗುವುದಿಲ್ಲ. ಹಾಲಿನ ಫ್ಯಾಟ್, ಅಂದರೆ ಜಿಡ್ಡು, ಇಳಿಯುವುದು ಇಲ್ಲಿಂದಲೇ. ಅದೇ ಕಾಕಂಬಿ ಹುಲ್ಲಿಗೆ ಅಂಟಿಕೊಂಡು ಹೋದರೆ ನಿಧಾನವಾಗಿ ಒಳಸೇರುತ್ತದೆ.

ಈಗ ಫ್ಯಾಟ್ ಮತ್ತು ಡಿಗ್ರಿ (ಹಾಲಿನ ಗಟ್ಟಿತನಕ್ಕೆ ಲ್ಯಾಕ್ಟೋಮೀಟರ್ ತೋರಿಸುವ ಅಳತೆ) ವಿಷಯ. ಡೇರಿಯಲ್ಲಿ ದರ ನಿಲ್ಲುವುದು ಶೇ. 3.5 ಜಿಡ್ಡು, ಶೇ. 8.5 ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಂಬ ಗೆರೆಯ ಮೇಲೆ. ಹಾಲಿನ ಜಿಡ್ಡು ತಯಾರಾಗಲು ಬೇಕಾದ ಮುಖ್ಯ ಸರಕು, ನಾರು ಕೊಳೆತಾಗ ಬರುವ ಅಸಿಟಿಕ್ ಆಮ್ಲ. ಕಾಕಂಬಿಯ ಸಕ್ಕರೆಯಿಂದ ಹೆಚ್ಚಾಗಿ ಬರುವ ಬ್ಯುಟಿರಿಕ್ ಆಮ್ಲವೂ ಜಿಡ್ಡಿಗೆ ಒದಗುತ್ತದೆ. ಹೀಗಾಗಿ ಜೋಳದ ನುಚ್ಚು ಹೆಚ್ಚಾಗಿ ಫ್ಯಾಟ್ ಕುಸಿದಿರುವ ಹಸುವಿಗೆ, ನುಚ್ಚು ಒಂದಿಷ್ಟು ಕಡಿಮೆ ಮಾಡಿ ಆ ಜಾಗಕ್ಕೆ ಕಾಕಂಬಿ ತಂದರೆ ಫ್ಯಾಟ್ ಚೇತರಿಸಿಕೊಳ್ಳುವುದುಂಟು. ನುಚ್ಚನ್ನು ಹಾಗೇ ಇಟ್ಟು ಮೇಲಿಂದ ಕಾಕಂಬಿ ಹಾಕಿದರೆ ಅಪಾಯ ಹೆಚ್ಚು. ಒಣಪದಾರ್ಥದ ಲೆಕ್ಕದಲ್ಲಿ ದಿನದ ಆಹಾರದ ಅರ್ಧವಾದರೂ ಹುಲ್ಲೇ ಇರಬೇಕು.

ಡಿಗ್ರಿ ನಿಲ್ಲುವುದು ಪ್ರೋಟೀನ್ ಮತ್ತು ಲ್ಯಾಕ್ಟೋಸ್ ಮೇಲೆ. ಲ್ಯಾಕ್ಟೋಸ್ ಹೆಚ್ಚುಕಡಿಮೆ ಸ್ಥಿರ, ಮೇವಿಗೆ ಜಗ್ಗುವುದಿಲ್ಲ. ಸಿಹಿ ತಿಂದ ಹಸುವಿನ ಹಾಲು ಸಿಹಿಯಾಗುವುದಿಲ್ಲ ಎಂಬುದಕ್ಕೂ ಇದೇ ಕಾರಣ. ಪ್ರೋಟೀನ್ ಮಾತ್ರ ತುಸು ಏರಬಲ್ಲದು, ಏಕೆಂದರೆ ಶಕ್ತಿ ಸಿಕ್ಕ ಸೂಕ್ಷ್ಮಾಣುಗಳು ಹೆಚ್ಚು ಬೆಳೆದು, ಮುಂದೆ ತಾವೇ ಹಸುವಿಗೆ ಪ್ರೋಟೀನ್ ಆಗುತ್ತವೆ. ಆದರೆ ಅವಕ್ಕೆ ಸಕ್ಕರೆಯ ಜೊತೆ ಮೇವಿನ ಪ್ರೋಟೀನಿನಿಂದ ಸಿಗುವ ಸಾರಜನಕವೂ ಬೇಕು. ಕೆಚ್ಚಲು ಬಾವಿನಿಂದ ಡಿಗ್ರಿ ಬಿದ್ದಿದ್ದರೆ ಕಾಕಂಬಿಯಿಂದ ಏನೂ ಆಗದು.

ಈ ಸಾರಜನಕದ ಮಾತು ನಮ್ಮ ಸೀಮೆಯಲ್ಲಿ ಎರಡು ಕಾಲಕ್ಕೆ ಎರಡು ಥರ. ಫೆಬ್ರವರಿಯಿಂದ ಮೇ ತನಕ ಭದ್ರಾ ಅಚ್ಚುಕಟ್ಟಿನಿಂದ ಲಾರಿಯಲ್ಲಿ ಬರುವ ಭತ್ತದ ಹುಲ್ಲೇ ಗತಿ. ಅದರಲ್ಲಿ ಪ್ರೋಟೀನ್ ಶೇ. 3–4 ಮಾತ್ರ. ಆಗ ಬರೀ ಕಾಕಂಬಿ ಹಾಕಿದರೆ ಸೂಕ್ಷ್ಮಾಣುಗಳು ಸಕ್ಕರೆ ತಿಂದು ನಾರನ್ನು ಮರೆಯುತ್ತವೆ. 500 ಗ್ರಾಂ ಕಾಕಂಬಿಗೆ ಜೊತೆಯಾಗಿ 250 ಗ್ರಾಂ ಶೇಂಗಾ ಹಿಂಡಿಯನ್ನು ಹೆಚ್ಚುವರಿಯಾಗಿ ಕೊಡುತ್ತೇನೆ, ಅದರಿಂದ ಸುಮಾರು 100 ಗ್ರಾಂ ಪ್ರೋಟೀನ್ ಬರುತ್ತದೆ. 50 ಗ್ರಾಂ ಖನಿಜ ಮಿಶ್ರಣವೂ ಬೇಕು. ಕಾಕಂಬಿಯಲ್ಲಿ ಸುಣ್ಣ, ಪೊಟ್ಯಾಸಿಯಂ ಇದೆ, ರಂಜಕ ಇಲ್ಲವೆನ್ನುವಷ್ಟು ಕಡಿಮೆ.

ಮಳೆಗಾಲದ ಕಥೆ ತದ್ವಿರುದ್ಧ. ಜೂನ್ ಕಳೆದರೆ ತೀರ್ಥಹಳ್ಳಿ, ಹೊಸನಗರದ ಕಡೆ ಹಸಿರಿಗೆ ಬರವಿಲ್ಲ, ಆದರೂ ಫ್ಯಾಟೂ ಇಲ್ಲ, ಡಿಗ್ರಿಯೂ ಇಲ್ಲ. ಎಳೆ ಹುಲ್ಲಿನಲ್ಲಿ ನೀರೇ ಹೆಚ್ಚು. ಒಣಪದಾರ್ಥ ಶೇ. 15 ಇದ್ದರೆ 30 ಕೆಜಿ ಹಸಿಹುಲ್ಲಿನಿಂದ ಸಿಗುವುದು ನಾಲ್ಕೂವರೆ ಕೆಜಿ. ಬಿಸಿಲಿಲ್ಲದೆ ಬೆಳೆದದ್ದರಿಂದ ಅದರಲ್ಲಿ ಸಕ್ಕರೆ ಕಡಿಮೆ, ಬೇಗ ಕರಗುವ ಸಾರಜನಕ ಹೆಚ್ಚು. ಆ ಸಾರಜನಕವನ್ನು ಹಿಡಿಯಲು ಶಕ್ತಿ ಇಲ್ಲದೆ ಅದು ಮೂತ್ರದಲ್ಲಿ ಹೋಗುತ್ತದೆ. ನನ್ನ ಅನುಭವದಲ್ಲಿ ಕಾಕಂಬಿ ಅತ್ಯಂತ ಚೆನ್ನಾಗಿ ಕೆಲಸ ಮಾಡುವುದು ಈ ಮಳೆಗಾಲದಲ್ಲೇ, ಹೆಚ್ಚಿನ ಹಿಂಡಿ ಇಲ್ಲದೆಯೇ. ಆದರೆ ಮೂರು ನಾಲ್ಕು ಕೆಜಿ ಒಣಹುಲ್ಲು ಕಡ್ಡಾಯ, ಕಾಕಂಬಿ ಹೋಗಬೇಕಾದ್ದು ಆ ಹುಲ್ಲಿನ ಮೇಲೆ. ಬಣವೆಯ ಹುಲ್ಲು ಮುಗ್ಗಲು ಹಿಡಿದಿದ್ದರೆ ಸಿಹಿ ಸವರಿ ತಿನ್ನಿಸುವ ಕೆಲಸ ಮಾತ್ರ ಬೇಡ. ಹಸು ಬೇಡವೆಂದು ಬಿಟ್ಟ ಬೂಷ್ಟನ್ನು ನಾವು ಮೋಸದಿಂದ ತಿನ್ನಿಸಿದಂತಾಗುತ್ತದೆ, ಅದರ ವಿಷ ಹಾಲಿಗೂ ಇಳಿಯುತ್ತದೆ.

ಅಡಿಕೆ ಹಾಳೆಗೂ ಇದೇ ವಿಧಾನ. ಯಂತ್ರದಲ್ಲಿ ಕತ್ತರಿಸಿದ ಹಾಳೆ ಕಾಕಂಬಿ ಇದ್ದರೆ ಚೆನ್ನಾಗಿ ಖರ್ಚಾಗುತ್ತದೆ, ಪ್ರೋಟೀನ್ ಮಾತ್ರ ಭತ್ತದ ಹುಲ್ಲಿನಷ್ಟೇ ಕಡಿಮೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಬಿದ್ದ, ನೀಲಿ ಕಲೆ ಇರುವ ಹಾಳೆ ಕೊಟ್ಟಿಗೆಗೆ ಬರಬಾರದು, ಅದರಲ್ಲಿ ತಾಮ್ರ ಇರುತ್ತದೆ.

ಫಲಿತಾಂಶ ನೋಡುವುದಾದರೆ ಮೂರು ವಾರ ಆದಮೇಲೆ ನೋಡಿ. ಅದೇ ಹಸು, ಅದೇ ಹೊತ್ತು, ಪೂರ್ತಿ ಕರೆದು ಕಲಕಿದ ಹಾಲು. ರಾತ್ರಿಯ ಅಂತರ ಉದ್ದವಾದ್ದರಿಂದ ಬೆಳಗಿನ ಹಾಲಿನಲ್ಲಿ ಫ್ಯಾಟ್ ಕಡಿಮೆ, ಸಂಜೆಯದರಲ್ಲಿ ಹೆಚ್ಚು. ಮೊದಲ ಧಾರೆಗೂ ಕೊನೆಯ ಧಾರೆಗೂ ಇನ್ನೂ ದೊಡ್ಡ ವ್ಯತ್ಯಾಸ. ಇವನ್ನು ಬೆರೆಸಿಕೊಂಡು ಕಾಕಂಬಿಗೆ ಕೀರ್ತಿಯನ್ನೋ ಅಪವಾದವನ್ನೋ ಕಟ್ಟುವುದು ಸರಿಯಲ್ಲ.

ಅಲ್ಲಿಯ ತನಕ ದಿನಾ ಸಿಗುವ ವರದಿ ಸಗಣಿಯದು. ಗಟ್ಟಿ ಗಂಜಿಯಂತೆ ಬಿದ್ದು, ಒಂದರ ಮೇಲೊಂದು ಸುತ್ತಾಗಿ, ಎರಡು ಬೆರಳು ಎತ್ತರ ನಿಂತರೆ ಸರಿ. ಬಿದ್ದ ಕಡೆ ಚಪ್ಪಟೆಯಾಗಿ ಹರಡಿ, ಬಾಲದ ತುದಿಗೆಲ್ಲ ಸಿಡಿದಿದ್ದರೆ ಪ್ರಮಾಣ ಅರ್ಧಕ್ಕಿಳಿಸಿ, ಒಣಹುಲ್ಲು ಹೆಚ್ಚಿಸಬೇಕು. ಸ್ವಲ್ಪ ಮೆತ್ತಗಾಗುವುದು, ಮೂತ್ರ ಹೆಚ್ಚುವುದು ಪೊಟ್ಯಾಸಿಯಂನಿಂದ, ಅದಕ್ಕೆ ಗಾಬರಿ ಬೇಡ. ನೊರೆಗುಳ್ಳೆ, ಹುಳಿ ವಾಸನೆ, ಲೋಳೆಯ ಎಳೆ ಕಂಡರೆ ಹೊಟ್ಟೆ ಹುಳಿಯಾಗಿದೆ, ಕಾಕಂಬಿ ನಿಲ್ಲಿಸಿ. ಮಧ್ಯಾಹ್ನ ಮಲಗಿದ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಒಂದು ತುತ್ತಿಗೆ ಐವತ್ತು ಅರುವತ್ತು ಸಲ ಜಗಿದರೆ ನಾರು ಸಾಕಷ್ಟು ಹೋಗಿದೆ ಎಂದರ್ಥ. ಮೇವು ಕಡಿಮೆ ಮಾಡಿ ಕಾಕಂಬಿಯನ್ನೇ ಮುಖ್ಯ ಆಹಾರ ಮಾಡಿದರೆ ದನ ತೂರಾಡುತ್ತದೆ, ಕಣ್ಣು ಮಂಜಾಗುತ್ತದೆ. ಕ್ಯೂಬಾದಲ್ಲಿ 1960–70ರ ದಶಕಗಳಲ್ಲಿ ಕಾಕಂಬಿಯ ಮೇಲೆಯೇ ದನ ಸಾಕಿದಾಗ ಈ ಕಾಯಿಲೆ ಕಂಡಿತ್ತು.

ಕರು ಹಾಕಲು ಮೂರು ವಾರ ಇರುವಾಗ ಕಾಕಂಬಿ ಪೂರ್ತಿ ನಿಲ್ಲಿಸುತ್ತೇನೆ. ಪೊಟ್ಯಾಸಿಯಂ ಹೆಚ್ಚಾದರೆ ಕರು ಹಾಕಿದ ಹೊತ್ತಿಗೆ ಮೂಳೆಯಿಂದ ಸುಣ್ಣ ಎಳೆದುಕೊಳ್ಳುವ ಶಕ್ತಿ ಕುಗ್ಗಿ, ಹಸು ಹಾಲುಜ್ವರಕ್ಕೆ ಬಿದ್ದು ಏಳಲಾರದಂತಾಗಬಹುದು. ಕರು ಹಾಕಿ ನಾಲ್ಕೈದು ದಿನದ ಮೇಲೆ ಮತ್ತೆ 100 ಗ್ರಾಮಿನಿಂದ ಶುರು. ಬಾಣಂತಿ ಹಸು ಮೇವು ಬಿಟ್ಟು, ಉಸಿರು ಒಂಥರಾ ಸಿಹಿ ನಾರಿದರೆ ಅದು ಕೀಟೋಸಿಸ್, ಅಂದರೆ ಶಕ್ತಿ ಸಾಲದೆ ಮೈಯ ಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಹೆಚ್ಚುವ ಕಾಯಿಲೆ. ಆಗ ಬೆಲ್ಲ, ಕಾಕಂಬಿ ಕುಡಿಸುವ ರೂಢಿ ಇದೆ, ಆದರೆ ಸಕ್ಕರೆ ಹೊಟ್ಟೆಯಲ್ಲಿ ಸಕ್ಕರೆಯಾಗಿ ಉಳಿಯುವುದಿಲ್ಲ. ಅದು ಬ್ಯುಟಿರಿಕ್ ಆಮ್ಲವಾಗಿ ಕೀಟೋನನ್ನೇ ಹೆಚ್ಚಿಸಬಹುದು. ಡಾಕ್ಟರನ್ನು ಕರೆಸಿ, ಅವರು ರಕ್ತಕ್ಕೆ ಗ್ಲೂಕೋಸ್ ಕೊಡುತ್ತಾರೆ, ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವ ಹೇಳುತ್ತಾರೆ.

ಸಾರಜನಕಕ್ಕೆಂದು ಯೂರಿಯಾ ಬೆರೆಸಿದ ಕಾಕಂಬಿ ನೀರನ್ನು ಮಲೆನಾಡಿನಲ್ಲಿ ನಾನು ಬಳಸುವುದಿಲ್ಲ, ಬೇರೆಯವರಿಗೆ ಹೇಳುವುದೂ ಇಲ್ಲ. ಕರಗದ ಹರಳು ಬಕೆಟ್ಟಿನ ತಳದಲ್ಲಿ ಉಳಿದು ಕೊನೆಯ ಹಸುವಿನ ಪಾಲಾಗುತ್ತದೆ. ಹೆಂಚಿನ ಸಂದಿಯಿಂದ ಸೋರಿದ ಮಳೆನೀರು ಗೋದಲಿಯಲ್ಲಿ ನಿಂತರೆ ಯೂರಿಯಾ ಅದರಲ್ಲಿ ಇಳಿದು ವಿಷವಾಗುತ್ತದೆ. ಯೂರಿಯಾ ಬೇಕೇ ಬೇಕೆಂದರೆ ನೆಕ್ಕುವ ಗಟ್ಟಿ ಇಟ್ಟಿಗೆ ವಾಸಿ, ಅದೂ ಒಣ ಜಾಗದಲ್ಲಿ, ಆರು ತಿಂಗಳೊಳಗಿನ ಕರುಗಳಿಗೆ ಎಟುಕದಂತೆ.

ಸೈಲೇಜಿಗೂ, ಅಂದರೆ ಗಾಳಿಯಾಡದಂತೆ ತುಳಿದು ಹುಳಿ ಬರಿಸಿ ಕಾಪಿಡುವ ಹಸಿಮೇವಿಗೂ, ಕಾಕಂಬಿ ಬೇಕಾಗುತ್ತದೆ. ಮೆಕ್ಕೆಜೋಳದಲ್ಲಿ ಸಕ್ಕರೆ ಇದ್ದೇ ಇದೆ, ಅದಕ್ಕೆ ಬೇಡ. ನೇಪಿಯರ್ ಜಾತಿಯ ಹುಲ್ಲಿಗೆ ಟನ್ನಿಗೆ 20ರಿಂದ 30 ಕೆಜಿಯನ್ನು ಅಷ್ಟೇ ನೀರಿನಲ್ಲಿ ಕದಡಿ, ಅರ್ಧ ಅಡಿಯ ಪದರಕ್ಕೊಮ್ಮೆ ಸಿಂಪಡಿಸಿ ತುಳಿಯಬೇಕು. ಹುಲ್ಲು ಅರ್ಧ ದಿನ ಬಾಡಿರಬೇಕು, ನೀರು ಹೆಚ್ಚಾದರೆ ಕೊಳೆತ ಬೆಣ್ಣೆಯ ವಾಸನೆ ಬರುತ್ತದೆ. ಈ ಕಾಕಂಬಿ ಹುಳಿಯಾಗುವುದರಲ್ಲೇ ಮುಗಿದುಹೋಗುವುದರಿಂದ ಹಸುವಿನ ದಿನದ ಪಾಲಿಗೆ ಲೆಕ್ಕ ಹಿಡಿಯಬಾರದು.

ಕಾಕಂಬಿ ಸಿಗದ ಕಡೆ ಆಲೆಮನೆಯ ಕಪ್ಪುಬೆಲ್ಲ ಆದೀತು. ಅದರಲ್ಲಿ ಸಕ್ಕರೆ ಹೆಚ್ಚು, 500 ಗ್ರಾಂ ಕಾಕಂಬಿಯ ಜಾಗಕ್ಕೆ 300 ಗ್ರಾಂ ಸಾಕು. ಪೆಲೆಟ್ ಆಹಾರದಲ್ಲೂ ಕಾಕಂಬಿ ಸೇರಿರುವುದರಿಂದ ಚೀಲದ ಚೀಟಿ ಓದಿಕೊಳ್ಳಿ. ಮದ್ಯಸಾರದ ಕಚ್ಚಾವಸ್ತು ಅದೇ ಆದ್ದರಿಂದ ಕಾಕಂಬಿಗೆ ಅಬಕಾರಿ ನಿಯಮಗಳಿವೆ, ಡ್ರಮ್ ಲೆಕ್ಕದಲ್ಲಿ ಕೊಳ್ಳುವವರು ಬಿಲ್ ಸಮೇತ ಕೊಳ್ಳಬೇಕು. ದರ ನೋಡುವಾಗ ಶಕ್ತಿಯ ಲೆಕ್ಕಕ್ಕೆ ಒಂದು ಕೆಜಿ ಕಾಕಂಬಿ ಮುಕ್ಕಾಲು ಕೆಜಿ ಮೆಕ್ಕೆಜೋಳಕ್ಕೂ ಸಮವಲ್ಲ. ಮೆಕ್ಕೆಜೋಳದ ಬೆಲೆಯ ಮೂರರಲ್ಲಿ ಎರಡು ಪಾಲು ದಾಟಿದರೆ ನಾನು ಕೊಳ್ಳುವುದಿಲ್ಲ.

ಡ್ರಮ್ಮನ್ನು ಕೊಟ್ಟಿಗೆಯ ಒಳಗೇ, ಕಲ್ಲಿನ ಮೇಲೆ, ಒಂದು ಗೇಣು ಖಾಲಿ ಬಿಟ್ಟು ತುಂಬಿಡಿ, ಮುಚ್ಚಳವನ್ನು ಬಿಗಿಯಬೇಡಿ. ಗಟ್ಟಿ ಕಾಕಂಬಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಳೆಹನಿ ಬಿದ್ದರೆ ಮೇಲಿನ ಪದರ ತೆಳುವಾಗಿ ಉಕ್ಕಿ ನೊರೆ ಕಟ್ಟುತ್ತದೆ, ಹೆಂಡದ ವಾಸನೆ ಬರುತ್ತದೆ. ಅಷ್ಟನ್ನು ತೆಗೆದು ಗೊಬ್ಬರಗುಂಡಿಗೆ ಹಾಕಿ, ಕೆಳಗಿನದನ್ನು ಬಳಸಬಹುದು. ನೀರು ಕಲಸಿದ್ದನ್ನು ಮಾತ್ರ ಆ ಹೊತ್ತಿಗೇ ಮುಗಿಸಬೇಕು. ಗೋದಲಿಯನ್ನು ದಿನಾ ತೊಳೆಯದಿದ್ದರೆ ಮೂಲೆಯಲ್ಲಿ ಹುಳಿತ ಪಾಕ ಕೂತು ನೊಣ ಕವಿಯುತ್ತದೆ, ಆ ನೊಣವೇ ಆಮೇಲೆ ಕೆಚ್ಚಲ ತೊಟ್ಟಿಗೆ ಹೋಗಿ ಕೂರುತ್ತದೆ.