‘ಗೊತ್ತಿಲ್ಲ’ ಎಂದು ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ?

‘ಐ ಡೋಂಟ್ ನೋ’ ಎಲ್ಲರಿಗೂ ಬರುತ್ತದೆ. ತಪ್ಪೇನಿಲ್ಲ. ಆದರೆ ಎಲ್ಲ ಕಡೆ ಅದನ್ನೇ ಹೇಳಿದರೆ ಕೆಲವು ಸಲ ಮುಖಕ್ಕೆ ಹೊಡೆದ ಹಾಗೆ ಕೇಳಿಸುತ್ತದೆ. ಬೇರೆ ದಾರಿಗಳು ಬೇಕಾದಷ್ಟಿವೆ.

ಮೊದಲು, ಎಷ್ಟು ಗೊತ್ತಿಲ್ಲ ಎಂದು ನೋಡಿಕೊಳ್ಳಿ. ಅರೆಬರೆ ಗೊತ್ತಿದ್ದರೆ ‘ಐ ಹ್ಯಾವ್ ಎ ವೇಗ್ ಐಡಿಯಾ’. ಏನೂ ಗೊತ್ತಿಲ್ಲದಿದ್ದರೆ ‘ಐ ಹ್ಯಾವ್ ನೋ ಐಡಿಯಾ’. ಇನ್ನೂ ಒತ್ತಿ ಹೇಳಬೇಕಾ? ‘ಐ ಹ್ಯಾವೆಂಟ್ ಎ ಕ್ಲೂ’ ಅಥವಾ ‘ಐ ಹ್ಯಾವೆಂಟ್ ದ ಫೇಂಟೆಸ್ಟ್ ಐಡಿಯಾ’ ಎನ್ನಿ. ಫೇಂಟೆಸ್ಟ್ ಜಾಗಕ್ಕೆ ಸ್ಲೈಟೆಸ್ಟ್, ರಿಮೋಟೆಸ್ಟ್, ಫಾಗಿಯೆಸ್ಟ್ ಬರಬಹುದು. ಅರ್ಥ ಹತ್ತಿರ ಇದೆಯಲ್ಲಾ ಅಂತ ‘ವೀಕೆಸ್ಟ್’ ಹಾಕಿದರೆ ಮಾತ್ರ ಕೆಟ್ಟಿತು. ಬ್ರಿಟನ್‌ನಲ್ಲಿ ಐಡಿಯಾ ಅನ್ನೋದನ್ನೂ ಬಿಟ್ಟು ‘ಐ ಹ್ಯಾವೆಂಟ್ ದ ಫಾಗಿಯೆಸ್ಟ್’ ಅಂದುಬಿಡುತ್ತಾರೆ. ಇವೆಲ್ಲ ಹೆಚ್ಚಾಗಿ ‘ಇಲ್ಲ’ ಎನ್ನುವಾಗಲೇ ಬರುತ್ತವೆ. ‘ಐ ಹ್ಯಾವ್ ದ ಫಾಗಿಯೆಸ್ಟ್ ಐಡಿಯಾ’ ಎಂದು ಯಾರೂ ಹೇಳುವುದಿಲ್ಲ.

ಆಮೇಲೆ, ಎದುರಿಗೆ ಯಾರಿದ್ದಾರೆ ನೋಡಿ. ಸ್ನೇಹಿತರ ಜೊತೆ ‘ಬೀಟ್ಸ್ ಮಿ’ ಸಾಕು. ಸಂದರ್ಶನದಲ್ಲಿ ಅದು ಬೇಡ, ‘ಐಯಾಮ್ ಅಫ್ರೇಡ್ ಐ ಡೋಂಟ್ ನೋ’ ಎನ್ನಿ. ಇಲ್ಲಿ ಹೆದರಿಕೆಯ ಮಾತೇ ಇಲ್ಲ, ಸುಮ್ನೆ ವಿನಯ ಅಷ್ಟೆ. ನನಗೆ ಇಷ್ಟವಾದದ್ದು ‘ನಾಟ್ ದಟ್ ಐ ನೋ ಆಫ್’. ಮೀಟಿಂಗ್ ರದ್ದಾಯ್ತಾ ಎಂದು ಯಾರಾದರೂ ಕೇಳಿದರೆ, ‘ನನಗೆ ಗೊತ್ತಿರುವ ಮಟ್ಟಿಗೆ ಇಲ್ಲ’ ಎಂದು ಹೇಳಿ ಜಾರಿಕೊಳ್ಳಲು ಇದಕ್ಕಿಂತ ಒಳ್ಳೇದು ಇಲ್ಲ.

ಬರೆಯುವಾಗ ‘ಲಿಟಲ್ ಈಸ್ ನೋನ್ ಅಬೌಟ್’ ಚೆನ್ನಾಗಿರುತ್ತದೆ. ಹೆಚ್ಚೇನೂ ಗೊತ್ತಿಲ್ಲ ಎಂದರ್ಥ. ‘ಲಿಟಲ್’ಗೆ ಮೊದಲು ಒಂದು ‘ಎ’ ಸೇರಿಸಿದಿರೋ, ಸ್ವಲ್ಪ ಗೊತ್ತಿದೆ ಎಂದಾಗಿಬಿಡುತ್ತದೆ!

‘ಇಗ್ನೊರೆಂಟ್’ ಬಳಸುವಾಗ ಜಾಸ್ತಿ ಎಚ್ಚರ ಬೇಕು. ಒಬ್ಬರನ್ನು ಹಾಗೆ ಕರೆದರೆ ಬೈದ ಹಾಗೆಯೇ. ‘ಅನ್‌ಅವೇರ್ ಆಫ್’ ಮೆತ್ತಗಿದೆ, ಅಲ್ವಾ? ಬೇಕೆಂದೇ ಗೊತ್ತಿಲ್ಲದವರಂತೆ ನಟಿಸಿದರೆ ‘ಫೇನ್ ಇಗ್ನೊರೆನ್ಸ್’. ಸಿಕ್ಕಿಬಿದ್ದ ಮೇಲೆ ‘ನಂಗೆ ಗೊತ್ತೇ ಇರಲಿಲ್ಲ’ ಎಂದು ನೆಪ ಹೇಳಿದರೆ ‘ಪ್ಲೀಡ್ ಇಗ್ನೊರೆನ್ಸ್’.

ಕೊನೆಗೆ, ತಪ್ಪು ಯಾರದು ಎಂದು ಯೋಚಿಸಿ. ‘ಐ ವಾಸ್ ಇನ್ ದ ಡಾರ್ಕ್’ ಎಂದರೆ ನನಗೆ ವಿಷಯ ತಿಳಿದಿರಲಿಲ್ಲ, ಅಷ್ಟೆ. ನಡುವೆ ‘ಕೆಪ್ಟ್’ ಸೇರಿಸಿದರೆ ಯಾರೋ ಬೇಕೆಂದೇ ಮುಚ್ಚಿಟ್ಟರು ಎಂಬ ದೂರು. ಆಫೀಸಿನ ಮೇಲ್‌ನಲ್ಲಿ ಆ ಪದ ಹಾಕುವ ಮೊದಲು, ಅದನ್ನು ಯಾರು ಯಾರು ಓದುತ್ತಾರೆ ಎಂದು ಒಮ್ಮೆ ನೋಡಿಕೊಳ್ಳಿ.